ಟ್ರಂಕಿನಲ್ಲಿ ಸಿಕ್ಕ ಕಾರ್ಟೂನ್ ರೀಲು

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: “ಅಪ್ಪನ ಟ್ರಂಕಿನಲ್ಲಿ 16 ಎಂಎಂನ ಹಳೇ ಕಾರ್ಟೂನ್ ರೀಲು ಸಿಕ್ಕಿತು. ಬಣ್ಣವೆಲ್ಲ ಗುಲಾಬಿಯಾಗಿದೆ, ಹುಳಿ ವಾಸನೆ ಬೇರೆ. ಇಂಥವೆಲ್ಲ ಈಗ ಮೊಬೈಲಿನಲ್ಲೇ ಸಿಗುತ್ತವಲ್ಲ, ಇಟ್ಟುಕೊಳ್ಳಬೇಕಾ? ಬೆಲೆ ಬರುತ್ತದಾ?”

ಸಂಪಾದಕರ ಉತ್ತರ:

ದಯವಿಟ್ಟು ಎಸೆಯಬೇಡಿ. ಸದ್ಯಕ್ಕೆ ಪ್ರೊಜೆಕ್ಟರಿಗೂ ಹಾಕಬೇಡಿ. ಹಳೇ ಫಿಲ್ಮು ಕುಗ್ಗಿರುತ್ತದೆ, ಪ್ರೊಜೆಕ್ಟರಿನ ಹಲ್ಲುಗಳಿಗೆ ಸಿಕ್ಕಿ ಅಂಚಿನ ತೂತುಗಳು ಹರಿದುಬಿಡುತ್ತವೆ. ಆತುರಪಟ್ಟು ನಾನೇ ಒಂದು ರೀಲಿನ ಶುರುವಿನ ತುಂಡು ಹಾಳುಮಾಡಿಕೊಂಡೆ. ಟೈಟಲ್ ಇದ್ದದ್ದು ಅಲ್ಲೇ. ಆ ಸಂಕಟ ಇನ್ನೂ ಹೋಗಿಲ್ಲ.

ಅಂಚು ಹಿಡಿದು ಒಂದು ಮೊಳ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿಯಿರಿ. ಅಷ್ಟರಲ್ಲೇ ಸುಮಾರು 60 ಚಿತ್ರಗಳಿವೆ. ಪರದೆಯ ಮೇಲೆ ಅದು ಬರೀ ಎರಡೂವರೆ ಸೆಕೆಂಡು! ಎಷ್ಟೋ ಕಡೆ ಎರಡೆರಡು ಚಿತ್ರ ಒಂದೇ ಥರ ಕಾಣುತ್ತವೆ, ಬಿಡಿಸಿದ ಒಂದು ಚಿತ್ರವನ್ನು ಕ್ಯಾಮೆರಾದಲ್ಲಿ ಎರಡು ಸಲ ತೆಗೆಯುತ್ತಿದ್ದರು. ಪೆನ್ಸಿಲ್ ಗೆರೆಯನ್ನು ಪಾರದರ್ಶಕ ಹಾಳೆಗೆ ಇಳಿಸಿ, ಹಿಂಬದಿಗೆ ಬಣ್ಣ ತುಂಬುತ್ತಿದ್ದರು. ಹಾಲಿವುಡ್‌ನಲ್ಲಿ ಈ ಕೆಲಸ ಮಾಡಿದವರು ಹೆಚ್ಚಾಗಿ ಹೆಂಗಸರು. ಏಳು ನಿಮಿಷದ ಕಾರ್ಟೂನಿಗೆ 10 ಸಾವಿರ ಫ್ರೇಮು. ಆ ಕೈಕೆಲಸವನ್ನು ಬೆರಳಲ್ಲಿ ಹಿಡಿದು ನೋಡುವ ಸುಖ ಮೊಬೈಲಿನಲ್ಲಿ ಎಲ್ಲಿ ಸಿಗಬೇಕು?

ಗುಲಾಬಿಯಾದದ್ದು ನಿಮ್ಮ ತಪ್ಪಲ್ಲ. ಈಸ್ಟ್‌ಮನ್‌ಕಲರ್ ಥರದ ಪ್ರಿಂಟಿನಲ್ಲಿ ನೀಲಿ-ಹಸಿರು ಬೇಗ ಮಾಸಿ ಕೆಂಪು ಉಳಿಯುತ್ತದೆ. ಟೆಕ್ನಿಕಲರ್‌ನವರು ಬಣ್ಣಗಳನ್ನು ಒಂದೊಂದಾಗಿ ಫಿಲ್ಮಿನ ಮೇಲೆ ಒತ್ತುತ್ತಿದ್ದ ಪ್ರಿಂಟುಗಳು ಇವತ್ತಿಗೂ ಮಾಸಿಲ್ಲ. ಸಂಗ್ರಾಹಕರು ಹುಡುಕುವುದು ಅವನ್ನೇ. ಹಾಗಾಗಿ ನಿಮ್ಮದಕ್ಕೆ ಜಾಸ್ತಿ ಬೆಲೆ ಬರಲಿಕ್ಕಿಲ್ಲ.

ಹುಳಿ ವಾಸನೆಯೇ ನಿಜವಾದ ಚಿಂತೆ. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮು ಕೊಳೆಯುವಾಗ ವಿನಿಗರ್ ವಾಸನೆ ಬರುತ್ತದೆ, ಆ ಕೊಳೆತ ಪಕ್ಕದ ರೀಲುಗಳಿಗೂ ಹಬ್ಬುತ್ತದೆ. ವಾಸಿ ಮಾಡಲಾಗದು, ನಿಧಾನ ಮಾಡಬಹುದು ಅಷ್ಟೇ. ಬಿಗಿ ಡಬ್ಬಿಯಿಂದ ತೆಗೆದು, ತಂಪಾದ, ಒಣಗಿದ, ಗಾಳಿಯಾಡುವ ಜಾಗದಲ್ಲಿ ಬೇರೆಯಾಗಿ ಇಡಿ. ಬೇಗ ಸ್ಕ್ಯಾನ್ ಮಾಡಿಸಿ.

ಎಲ್ಲಕ್ಕಿಂತ ಮೊದಲು ಟೈಟಲ್ ನೋಡಿ. ಹಾಲಿವುಡ್‌ನ ವಾರ್ನರ್ ಬ್ರದರ್ಸ್ ಕಂಪನಿಯವರು ತಮ್ಮ ಹಳೇ ಕಾರ್ಟೂನುಗಳನ್ನು ‘ಬ್ಲೂ ರಿಬ್ಬನ್’ ಹೆಸರಿನಲ್ಲಿ ಮರುಬಿಡುಗಡೆ ಮಾಡಿದಾಗ ಎಷ್ಟೋ ಕಾರ್ಟೂನುಗಳ ಮೂಲ ಟೈಟಲ್ ತೆಗೆದುಹಾಕಿದರು. ಚಿತ್ರ ಬಿಡಿಸಿದವರ ಹೆಸರೂ ಅದರ ಜೊತೆ ಹೋಯಿತು. ಆ ಹೆಸರುಗಳು ಯಾರದೋ ಮನೆಯ ಹಳೇ ಪ್ರಿಂಟಿನಲ್ಲಿ ಉಳಿದಿರಬಹುದು, ಅಲ್ವಾ? ಮುಂಬೈನಲ್ಲಿದ್ದ ಸರ್ಕಾರಿ ಚಿತ್ರಸಂಸ್ಥೆ ಫಿಲ್ಮ್ಸ್ ಡಿವಿಷನ್ ಹೆಸರು ಕಂಡರಂತೂ ನನಗೆ ಇನ್ನೂ ಖುಷಿ. 1956ರಲ್ಲಿ ಅಲ್ಲಿ ಕಾರ್ಟೂನ್ ವಿಭಾಗ ಶುರುವಾದಾಗ ನಮ್ಮವರಿಗೆ ಕಲಿಸಿದ್ದು ಡಿಸ್ನಿಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್.

ಮೊದಲ ಮೊಳದಲ್ಲಿ ಏನು ಕಂಡಿತು, ಬರೆದು ತಿಳಿಸಿ. ಕಾಯುತ್ತಿರುತ್ತೇನೆ.