ಬಿಡಿಸಿ ತಂದ ಮರುದಿನ ಏನು?

ಸಂಪಾದಕರ ಉತ್ತರ

ಕೆಲಸದ ಆಸೆ ತೋರಿಸಿ ಕರೆದೊಯ್ದವರನ್ನು ಕೂಡಿಹಾಕಿ ಆನ್‌ಲೈನ್ ಮೋಸ ಮಾಡಿಸುವ ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆ ಕೇಂದ್ರಗಳ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನಿವೃತ್ತ ಶಿಕ್ಷಕಿಯೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇದು: "ಬಡ ದೇಶಗಳ ಸರ್ಕಾರಗಳು ಮಾನವ ಕಳ್ಳಸಾಗಣೆ ತಡೆಯಲು ಕಾನೂನಿನ ಮೇಲೆ ಕಾನೂನು ಮಾಡುತ್ತಲೇ ಇವೆ. ಅಮೆರಿಕದ ವರದಿಯಲ್ಲಿ ಒಳ್ಳೆಯ ದರ್ಜೆ ಗಿಟ್ಟಿಸಿಕೊಳ್ಳಲು ಮಾಡುವ ಪ್ರದರ್ಶನವಲ್ಲವೇ ಇದು? ನಿಜವಾಗಿ ತಡೆಯುವ ಮನಸ್ಸಿದ್ದರೆ, ಬಡ ಹೆಣ್ಣುಮಕ್ಕಳು ಮನೆಗೆಲಸಕ್ಕೆಂದು ಪರದೇಶಕ್ಕೆ ಹೋಗುವುದನ್ನೇ ನಿಲ್ಲಿಸಬಾರದೇ? ಇನ್ನೊಂದು ಮಾತು. ನಮ್ಮ ಪಕ್ಕದ ಮನೆಯ ಹುಡುಗ ಅಂಥದೇ ವಂಚನೆ ಕೇಂದ್ರದಿಂದ ವಾಪಸು ಬಂದಿದ್ದಾನೆ. ಪೊಲೀಸರು ಪದೇಪದೇ ಕರೆಸಿ ವಿಚಾರಿಸುತ್ತಿದ್ದಾರೆ. ತಾನಾಗಿಯೇ ಹೋದವನು, ಕಂಡವರ ಹಣ ದೋಚಿದವನು, ಇವನೂ ಸಂತ್ರಸ್ತನೇ ಎಂದು ಬೀದಿಯವರು ಕೇಳುತ್ತಾರೆ. ಏನು ಹೇಳಬೇಕೋ ನನಗೂ ತಿಳಿಯುತ್ತಿಲ್ಲ."

ಮೇಡಂ, ಪ್ರದರ್ಶನ ಎಂದಿರಲ್ಲ, ಆ ಮಾತಿನಲ್ಲಿ ನಿಜವಿದೆ. 2000ದ ನವೆಂಬರ್‌ನಲ್ಲಿ ವಿಶ್ವಸಂಸ್ಥೆ ಮಾನವ ಕಳ್ಳಸಾಗಣೆ ತಡೆಯುವ ಒಪ್ಪಂದವಾದ ಪಲೆರ್ಮೋ ಪ್ರೋಟೊಕಾಲ್ ಅಂಗೀಕರಿಸಿತು. ಆಮೇಲೆ ಕಾನೂನುಗಳು ಸಾಲುಗಟ್ಟಿ ಬಂದವು: ನೈಜೀರಿಯಾ ಮತ್ತು ಫಿಲಿಪ್ಪೀನ್ಸ್‌ನಲ್ಲಿ 2003ರಲ್ಲಿ, ಘಾನಾದಲ್ಲಿ 2005ರಲ್ಲಿ, ನೇಪಾಳದಲ್ಲಿ 2007ರಲ್ಲಿ, ಥಾಯ್ಲೆಂಡಿನಲ್ಲಿ 2008ರಲ್ಲಿ, ಬಾಂಗ್ಲಾದೇಶದಲ್ಲಿ 2012ರಲ್ಲಿ. ಅದೇ ಹೊತ್ತಿಗೆ, 2001ರಿಂದ, ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿವರ್ಷ ದೇಶಗಳಿಗೆ ದರ್ಜೆ ಕೊಡತೊಡಗಿತು. ಕೊನೆಯ ದರ್ಜೆಗೆ ಬಿದ್ದವರಿಗೆ ನೆರವು ಕಡಿತವಾಗಬಹುದು. (ಆ ಪಟ್ಟಿಯಲ್ಲಿ ಅಮೆರಿಕ ತನ್ನನ್ನೂ ಸೇರಿಸಿಕೊಂಡಿದ್ದು 2010ರಲ್ಲಿ ಮಾತ್ರ.) ಈ ಭಯದಿಂದ ನಡೆಯುವ ಕೆಲಸ ಎಷ್ಟೋ ಸಲ ಲೆಕ್ಕ ತುಂಬಿಸುವ ಕೆಲಸವಾಗುತ್ತದೆ. ಎಷ್ಟು ದಾಳಿ, ಎಷ್ಟು ಎಫ್‌ಐಆರ್, ಎಷ್ಟು ಜನರ ರಕ್ಷಣೆ ಎಂದು ಬರೆದುಕೊಂಡರೆ ಮುಗಿಯಿತು. ಬಿಡಿಸಿ ತಂದವರ ಬಾಕಿ ಕೂಲಿ ಕೈಸೇರಿತೇ, ಏಜೆಂಟನ ಸಾಲ ಏನಾಯಿತು ಎಂದು ಕೇಳುವವರು ಕಡಿಮೆ.

ಆದರೂ ಹೊರಗಿನ ಒತ್ತಡವೆಲ್ಲ ವ್ಯರ್ಥ ಎಂದು ನಾನು ಹೇಳಲಾರೆ. ಥಾಯ್ಲೆಂಡ್ 2014ರಲ್ಲಿ ಕೊನೆಯ ದರ್ಜೆಗೆ ಬಿತ್ತು. 2015ರ ಏಪ್ರಿಲ್‌ನಲ್ಲಿ ಐರೋಪ್ಯ ಒಕ್ಕೂಟ ಅದರ ಮೀನುಗಾರಿಕೆಗೆ 'ಹಳದಿ ಕಾರ್ಡ್' ತೋರಿಸಿತು, ಅಂದರೆ ಅಕ್ರಮ ಮೀನುಗಾರಿಕೆ ತಡೆಯಬೇಕೆಂದು ಎಚ್ಚರಿಸಿತು. ಮರು ತಿಂಗಳೇ ಮಲೇಷ್ಯಾ ಗಡಿಯ ಕಾಡಿನಲ್ಲಿ, ಕಳ್ಳಸಾಗಣೆದಾರರು ಒತ್ತೆಯಾಳುಗಳನ್ನು ಕೂಡಿಹಾಕುತ್ತಿದ್ದ ಶಿಬಿರಗಳ ಬಳಿ, ವಲಸಿಗರ ಸಮಾಧಿಗಳು ಪತ್ತೆಯಾದವು. ಬಂದರು ಬಿಡುವಾಗ ಮತ್ತು ಮರಳುವಾಗ ಮೀನುಗಾರಿಕೆ ದೋಣಿಗಳ ತಪಾಸಣೆ ಆರಂಭವಾಯಿತು. ಮೀನುಗಾರಿಕೆ ಕಾರ್ಮಿಕರ ಕುರಿತ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2019ರಲ್ಲಿ ಥಾಯ್ಲೆಂಡ್ ಅನುಮೋದನೆ ನೀಡಿತು. ಗಡಿ ಶಿಬಿರಗಳ ಪ್ರಕರಣದಲ್ಲಿ 2017ರಲ್ಲಿ ಅರವತ್ತಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಅವರಲ್ಲಿ ಲೆಫ್ಟಿನೆಂಟ್ ಜನರಲ್ ಮನಾಸ್ ಕೊಂಗ್‌ಪಾನ್ ಕೂಡ ಒಬ್ಬ. ಸೇನೆಯ ಅಷ್ಟು ದೊಡ್ಡ ಅಧಿಕಾರಿಗೆ 27 ವರ್ಷ ಸೆರೆವಾಸ! ಆದರೆ ಆ ತನಿಖೆಯ ನೇತೃತ್ವ ವಹಿಸಿದ್ದ ಪೊಲೀಸ್ ಅಧಿಕಾರಿ ಪವೀನ್ ಪೊಂಗ್‌ಸಿರಿನ್ ಅಷ್ಟರಲ್ಲಾಗಲೇ ಜೀವಭಯದಿಂದ ಆಸ್ಟ್ರೇಲಿಯಾ ಸೇರಿದ್ದರು. ದೂರು ಕೊಡಲು ಹೋದ ಠಾಣೆಯಲ್ಲೇ ದಲ್ಲಾಳಿಯ ಗೆಳೆಯನಿದ್ದರೆ ಕಾನೂನು ಎಷ್ಟು ಚೆನ್ನಾಗಿದ್ದರೇನು?

ಸರ್ಕಾರವೇ ದುಡಿಸಿಕೊಳ್ಳುವವನಾಗಿರುವ ಕಡೆಯೂ ಇದೆ. 2021ರಲ್ಲಿ ಜಗತ್ತಿನಲ್ಲಿ ಯಾವುದೇ ಒಂದು ದಿನ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದರು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂದಾಜಿಸಿದೆ. ಅವರಲ್ಲಿ ಸುಮಾರು 39 ಲಕ್ಷ ಜನರನ್ನು ದುಡಿಸುತ್ತಿದ್ದುದು ಸರ್ಕಾರಗಳೇ. ಉಜ್ಬೇಕಿಸ್ತಾನದಲ್ಲಿ ವರ್ಷಾನುವರ್ಷ ನಿಮ್ಮಂಥ ಶಿಕ್ಷಕರನ್ನು, ವೈದ್ಯರನ್ನು, ವಿದ್ಯಾರ್ಥಿಗಳನ್ನು ಹತ್ತಿ ಬಿಡಿಸಲು ಹೊಲಕ್ಕೆ ಅಟ್ಟುತ್ತಿದ್ದರು. ಅಲ್ಲಿನ ಕಾರ್ಯಕರ್ತರು ಜೀವ ಪಣಕ್ಕಿಟ್ಟು ದಾಖಲೆ ಮಾಡಿದರು, ದೊಡ್ಡ ಬಟ್ಟೆ ಕಂಪನಿಗಳು ಆ ಹತ್ತಿಯನ್ನು ಬಹಿಷ್ಕರಿಸಿದವು, ಕೊನೆಗೆ ಸರ್ಕಾರ ಪದ್ಧತಿ ಬದಲಿಸಿತು. 2022ರ ಮಾರ್ಚ್‌ನಲ್ಲಿ ಬಹಿಷ್ಕಾರ ತೆರವಾಯಿತು.

ಇನ್ನು ಹೆಣ್ಣುಮಕ್ಕಳು ಹೊರದೇಶಕ್ಕೆ ಹೋಗುವುದನ್ನು ನಿಲ್ಲಿಸುವ ಮಾತು. ನೀವು ಕಾಳಜಿಯಿಂದಲೇ ಬರೆದಿದ್ದೀರಿ, ಗೊತ್ತು. ಆದರೆ ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ, ಏಕೆಂದರೆ ಇದನ್ನು ಮಾಡಿ ನೋಡಿಯಾಗಿದೆ. ನೇಪಾಳ 2012ರಲ್ಲಿ ಮೂವತ್ತು ವರ್ಷದೊಳಗಿನ ಹೆಂಗಸರು ಕೊಲ್ಲಿ ದೇಶಗಳಿಗೆ ಮನೆಗೆಲಸಕ್ಕೆ ಹೋಗದಂತೆ ತಡೆಯಿತು. 2017ರಲ್ಲಿ ನಿಷೇಧ ಇನ್ನಷ್ಟು ಬಿಗಿಯಾಯಿತು. ಹೋಗುವುದು ನಿಂತಿತೇ? ಇಲ್ಲ. ಕಠ್ಮಂಡುವಿನಿಂದ ಹೊರಡುತ್ತಿದ್ದವರು ತೆರೆದ ಗಡಿ ದಾಟಿ ಭಾರತದ ವಿಮಾನ ನಿಲ್ದಾಣಗಳಿಂದ ಹೊರಟರು. ಕಾರ್ಮಿಕ ಪರವಾನಗಿ ಇಲ್ಲ, ವಿಮೆ ಇಲ್ಲ, ಹೋದವಳ ಹೆಸರು ಸರ್ಕಾರದ ಯಾವ ಕಡತದಲ್ಲೂ ಇಲ್ಲ. ಮಾಲೀಕ ಹೊಡೆದರೆ ರಾಯಭಾರ ಕಚೇರಿಯ ಬಾಗಿಲು ತಟ್ಟಲೂ ಹೆದರಿಕೆ, ಬಂದಿದ್ದೇ ಕಾನೂನು ಮೀರಿ ತಾನೇ. ದಲ್ಲಾಳಿ ದರವನ್ನೂ ಏರಿಸಿದ. ಶ್ರೀಲಂಕಾ 2013ರಿಂದ ಇನ್ನೊಂದು ದಾರಿ ಹಿಡಿಯಿತು: ಐದು ವರ್ಷದೊಳಗಿನ ಮಕ್ಕಳಿರುವ ತಾಯಂದಿರು ಹೋಗುವಂತಿಲ್ಲ, ಉಳಿದ ಹೆಂಗಸರು 'ಕುಟುಂಬ ಹಿನ್ನೆಲೆ ವರದಿ' ತರಬೇಕು. ಗಂಡಸರಿಗೆ ಅಂಥ ವರದಿ ಬೇಕಿರಲಿಲ್ಲ. ಸಹಿ ಹಾಕುವ ಅಧಿಕಾರಿಯ ಕೈಗೆ ಇನ್ನೊಂದು ಅಧಿಕಾರ ಬಂತು, ಅಷ್ಟೇ. ದೇಶ ದಿವಾಳಿಯಾಗಿ ಡಾಲರ್ ಬೇಕಾದಾಗ, 2022ರಲ್ಲಿ, ಆ ನಿಯಮ ಸಡಿಲಿಸಿದರು.

ಫಿಲಿಪ್ಪೀನ್ಸ್ ಇದಕ್ಕೆ ಬೇರೆ ಉತ್ತರ ಹುಡುಕಿತು. ಹೋಗುವವರು ಹೋಗಲಿ, ಆದರೆ ಸರ್ಕಾರ ಒಪ್ಪಿದ ಕರಾರಿನೊಂದಿಗೆ ಹೋಗಲಿ, ಅಲ್ಲಿಯೂ ನಮ್ಮ ಕಾರ್ಮಿಕ ಅಧಿಕಾರಿ ಇರಲಿ ಎಂದಿತು. ವಲಸೆ ಕಾರ್ಮಿಕರಿಗೆಂದೇ ಒಂದು ಪ್ರತ್ಯೇಕ ಇಲಾಖೆ ಮಾಡಿತು. ಅಲ್ಲಿ ಎಲ್ಲವೂ ಸರಿಯಾಗಿದೆ ಎಂದಲ್ಲ. ವಿಮಾನ ನಿಲ್ದಾಣದಲ್ಲಿ ಅನುಮಾನದ ಮೇಲೆ ಪ್ರಯಾಣಿಕರನ್ನು ಇಳಿಸಿ ಹಿಂದಕ್ಕೆ ಕಳಿಸುವ ಕುರಿತು ಅಲ್ಲಿ ಜನರ ಆಕ್ರೋಶ ದೊಡ್ಡದಿದೆ. ಆದರೂ ಬಾಗಿಲು ಮುಚ್ಚುವುದಕ್ಕಿಂತ ಇದು ಎಷ್ಟೋ ವಾಸಿ.

ನಾನು ಹೆಚ್ಚು ಹೇಳಬೇಕಾಗಿರುವುದು ಬ್ರೆಜಿಲ್ ಬಗ್ಗೆ. ಅಲ್ಲಿ 1995ರಲ್ಲಿ ವಿಶೇಷ ಸಂಚಾರಿ ತಪಾಸಣಾ ತಂಡ ಹುಟ್ಟಿತು. ಕಾರ್ಮಿಕ ನಿರೀಕ್ಷಕರು, ಕಾರ್ಮಿಕ ವಿಭಾಗದ ಸರ್ಕಾರಿ ವಕೀಲರು, ಪೊಲೀಸರು ಒಟ್ಟಿಗೆ ಹೊರಡುತ್ತಾರೆ. ಸ್ಥಳೀಯ ಜಮೀನ್ದಾರನಿಗೆ ಸುಳಿವು ಸಿಗಬಾರದೆಂದು ತಂಡವನ್ನು ರಾಜಧಾನಿಯಿಂದಲೇ ಕಳಿಸುವ ವ್ಯವಸ್ಥೆ. ದೂರದ ತೋಟಗಳಲ್ಲಿ ಅವರಿಗೆ ಕಾಣುವುದು ಹೆಚ್ಚುಕಡಿಮೆ ಒಂದೇ ದೃಶ್ಯ: ಪ್ಲಾಸ್ಟಿಕ್ ಹೊದಿಸಿದ ಗುಡಿಸಲು, ದನಕರುಗಳಿಗೂ ಮನುಷ್ಯರಿಗೂ ಒಂದೇ ನೀರು, ಜೊತೆಗೆ ಮೇಸ್ತ್ರಿಯ ಬಳಿ ಒಂದು ನೋಟ್‌ಬುಕ್. ಬರುವಾಗಿನ ಬಸ್ ಚಾರ್ಜಿನಿಂದ ಹಿಡಿದು ಬೂಟು, ಕತ್ತಿ, ಅಕ್ಕಿ, ಹೊಗೆಸೊಪ್ಪಿನವರೆಗೆ ಎಲ್ಲವೂ ಕೂಲಿಯಾಳಿನ ಹೆಸರಿನಲ್ಲಿ ಸಾಲವಾಗಿ ಅದರಲ್ಲಿ ಬರೆದಿರುತ್ತದೆ. ದುಡಿದಷ್ಟೂ ಸಾಲ ಬೆಳೆಯುತ್ತದೆ. ತಂಡ ಆ ನೋಟ್‌ಬುಕ್ಕನ್ನೇ ವಶಪಡಿಸಿಕೊಳ್ಳುತ್ತದೆ. ಆ ಸಾಲ ಕಾನೂನಿನ ಕಣ್ಣಲ್ಲಿ ಇಲ್ಲವೇ ಇಲ್ಲ. ನಿರೀಕ್ಷಕರು ಕುಳಿತು ಉಲ್ಟಾ ಲೆಕ್ಕ ಹಾಕುತ್ತಾರೆ: ದುಡಿದ ತಿಂಗಳುಗಳ ಕೂಲಿ, ರಜೆ, ಪರಿಹಾರ ಸೇರಿ ಮಾಲೀಕ ಕೊಡಬೇಕಾದದ್ದು ಎಷ್ಟು. ಅದನ್ನು ವಸೂಲಿ ಮಾಡಿ ಕೊಡಿಸುವುದು ತಂಡದ ಕೆಲಸದ ಭಾಗ. ಬಿಡುಗಡೆಯಾದವನಿಗೆ ಸರ್ಕಾರದಿಂದ ಮೂರು ಕಂತು ನಿರುದ್ಯೋಗ ಭತ್ಯೆಯೂ ಸಿಗುತ್ತದೆ. ಮಾಲೀಕನ ಹೆಸರು, ಅವನ ಅಹವಾಲು ಕೇಳಿದ ಮೇಲೆ, 'ಕೊಳಕು ಪಟ್ಟಿ' ಎಂದು ಜನ ಕರೆಯುವ ಸಾರ್ವಜನಿಕ ಪಟ್ಟಿಗೆ ಸೇರುತ್ತದೆ. ಅದರಲ್ಲಿ ಹೆಸರಿದ್ದವರಿಗೆ ಬ್ಯಾಂಕುಗಳು ಕೃಷಿಸಾಲ ಕೊಡುವಂತಿಲ್ಲ. ಇದುವರೆಗೆ 60 ಸಾವಿರಕ್ಕೂ ಹೆಚ್ಚು ಜನ ಹೀಗೆ ಬಿಡುಗಡೆಯಾಗಿದ್ದಾರೆ. ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. 2004ರ ಜನವರಿ 28ರಂದು ಉನಾಯಿ ಎಂಬಲ್ಲಿ ತಪಾಸಣೆಗೆ ಹೋಗಿದ್ದ ಮೂವರು ಕಾರ್ಮಿಕ ನಿರೀಕ್ಷಕರನ್ನೂ ಅವರ ಚಾಲಕನನ್ನೂ ಗುಂಡಿಟ್ಟು ಕೊಂದರು.

ಈ ಪದ್ಧತಿಯಲ್ಲಿ ನನಗೆ ಮುಖ್ಯವೆನಿಸುವುದು ಒಂದೇ. ಕೂಲಿಯಾಳಿನ ಹಣ ಮಾಲೀಕನಿಗೆ ಶಿಕ್ಷೆಯಾಗುವವರೆಗೆ ಕಾಯುವುದಿಲ್ಲ. ನಮ್ಮಲ್ಲಿ 1976ರಲ್ಲೇ ಜೀತ ಪದ್ಧತಿ ರದ್ದತಿ ಕಾಯ್ದೆ ಬಂತು. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ಜೀತದಿಂದ ಬಿಡುಗಡೆಯಾದವರಿಗೆ ಒಂದರಿಂದ ಮೂರು ಲಕ್ಷ ರೂಪಾಯಿವರೆಗೆ ನೆರವಿದೆ. ಆದರೆ ಪೂರ್ತಿ ಹಣವನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ಜೋಡಿಸಿದ್ದಾರೆ. ತಕ್ಷಣ ಸಿಗುವುದು ಸಣ್ಣ ಮೊತ್ತ. ವಿಚಾರಣೆ ವರ್ಷಗಟ್ಟಲೆ ಎಳೆಯುತ್ತದೆ, ಅಷ್ಟರಲ್ಲಿ ಹಸಿವು ತಾಳಲಾರದೆ ಆ ಕುಟುಂಬ ಮತ್ತೊಬ್ಬನಿಂದ ಮುಂಗಡ ಪಡೆದು ಮತ್ತೊಂದು ಇಟ್ಟಿಗೆ ಭಟ್ಟಿಗೆ ಹೋಗುತ್ತದೆ. ಸಾಕ್ಷಿ ಹೇಳಲು ಸಮನ್ಸ್ ಬಂದಾಗ ಊರಲ್ಲಿ ಯಾರೂ ಇರುವುದಿಲ್ಲ. ಆರೋಪಿ ಖುಲಾಸೆಯಾಗುತ್ತಾನೆ. ಈ ಷರತ್ತನ್ನು ತೆಗೆದುಹಾಕದೆ ಜೀತಮುಕ್ತಿಯ ಮಾತಾಡುವುದರಲ್ಲಿ ಅರ್ಥವಿಲ್ಲ.

ಕೊನೆಗೆ ಆ ಹುಡುಗನ ವಿಷಯ. ತಾನಾಗಿಯೇ ಹೋದ ಎಂಬುದರಿಂದ ಅವನ ಪಾಲಿಗೆ ಏನೂ ಮುಗಿಯುವುದಿಲ್ಲ. ಮೋಸ, ಬಲವಂತ ಅಥವಾ ಅಸಹಾಯಕತೆಯ ದುರುಪಯೋಗ ನಡೆದಿದ್ದರೆ ಒಪ್ಪಿಗೆಗೆ ಬೆಲೆಯಿಲ್ಲ ಎಂದು ಪಲೆರ್ಮೋ ಪ್ರೋಟೊಕಾಲ್ ಹೇಳುತ್ತದೆ. ನಮ್ಮ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಕೂಡ ಸಂತ್ರಸ್ತರ ಒಪ್ಪಿಗೆ ಪರಿಗಣನೆಗೆ ಬರುವುದಿಲ್ಲ ಎನ್ನುತ್ತದೆ. ನೈಜೀರಿಯಾದ ಎಡೊ ರಾಜ್ಯದಿಂದ ಯೂರೋಪಿಗೆ ಸಾಗಿಸಲ್ಪಟ್ಟ ಎಷ್ಟೋ ಹೆಣ್ಣುಮಕ್ಕಳೂ 'ತಾವಾಗಿಯೇ' ಹೋದವರು. ಹೊರಡುವ ಮೊದಲು ಗುಡಿಯಲ್ಲಿ ಅವರ ಕೂದಲು, ಉಗುರು ತೆಗೆದುಕೊಂಡು, ಸಾಲ ತೀರಿಸದಿದ್ದರೆ ಹುಚ್ಚು ಹಿಡಿದು ಸಾಯುತ್ತೀಯೆಂದು ಆಣೆ ಹಾಕಿಸಿರುತ್ತಾರೆ. ನ್ಯಾಯಾಲಯದಲ್ಲಿ ಅವರ ಬಾಯಿ ಕಟ್ಟಿದ್ದು ಆ ಆಣೆ. 2018ರ ಮಾರ್ಚ್‌ನಲ್ಲಿ ಅದೇ ಎಡೊ ರಾಜ್ಯದ ಬೆನಿನ್‌ನ ಸಾಂಪ್ರದಾಯಿಕ ದೊರೆ, ಓಬಾ ಎರಡನೇ ಎವುವಾರೆ, ಪೂಜಾರಿಗಳನ್ನೆಲ್ಲ ಅರಮನೆಗೆ ಕರೆಸಿ ಆ ಆಣೆಗಳೆಲ್ಲ ರದ್ದು ಎಂದು ಸಾರಿದರು.

ವಂಚನೆ ಕೇಂದ್ರದಲ್ಲಿ ಆಣೆಯ ಜಾಗದಲ್ಲಿ ಲಾಠಿ, ವಿದ್ಯುತ್ ಶಾಕ್, ಕಿತ್ತುಕೊಂಡ ಪಾಸ್‌ಪೋರ್ಟ್ ಇರುತ್ತವೆ. 2023ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು ಒಂದು ಲಕ್ಷ ಜನರನ್ನು ಹೀಗೆ ಇಟ್ಟುಕೊಂಡಿರಬಹುದು ಎಂದಿತು. ಅವರನ್ನು ಅಪರಾಧಿಗಳಂತಲ್ಲ, ಸಂತ್ರಸ್ತರಂತೆ ನೋಡಿ ಎಂದೂ ಹೇಳಿತು. ಬಲವಂತಕ್ಕೆ ಒಳಗಾಗಿ ಮಾಡಿದ ಕೃತ್ಯಕ್ಕೆ ಸಂತ್ರಸ್ತನನ್ನು ದಂಡಿಸಬಾರದೆಂಬ ತತ್ವವನ್ನು ಎಷ್ಟೋ ದೇಶಗಳು ಕಾನೂನಿನಲ್ಲೇ ಬರೆದುಕೊಂಡಿವೆ. ನಮ್ಮ 143ನೇ ಸೆಕ್ಷನ್ನಿನ ವಿವರಣೆಯಲ್ಲಿ ಗುಲಾಮಗಿರಿ, ಭಿಕ್ಷಾಟನೆ, ಅಂಗಾಂಗ ಕಸಿದುಕೊಳ್ಳುವುದು ಇವೆ. ಬಲವಂತವಾಗಿ ಅಪರಾಧ ಮಾಡಿಸುವುದು ಎಂಬ ಮಾತು ನೇರವಾಗಿ ಇಲ್ಲ. ಇದು ಸೇರಲೇಬೇಕು. ಹಣ ಕಳೆದುಕೊಂಡವರ ನೋವೂ ಸಣ್ಣದಲ್ಲ. ಆದರೆ ಅವರ ದುಡ್ಡು ಹೋಗಿ ಸೇರಿದ್ದು ಈ ಹುಡುಗನ ಜೇಬಿಗಲ್ಲ.

ಮೇಡಂ, ಈಗ ನೀವೇ ಮಾಡಬಹುದಾದ ಕೆಲಸವೊಂದಿದೆ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಾನವ ಕಳ್ಳಸಾಗಣೆಗೆ ಒಳಗಾದವರಿಗೆ ಉಚಿತ ವಕೀಲರು ಸಿಗುತ್ತಾರೆ. ಅವನನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಕರೆದುಕೊಂಡು ಹೋಗಿ. ಏಜೆಂಟನ ವಾಟ್ಸ್‌ಆ್ಯಪ್ ಸಂದೇಶ, ಹಣ ಕಟ್ಟಿದ ರಸೀದಿ, ಟಿಕೆಟ್, ವೀಸಾದ ಪುಟ ಎಲ್ಲದರ ಪ್ರತಿ ತೆಗೆಸಿ ಬೇರೆ ಕಡೆ ಇಡಿ. ಏಜೆಂಟನ ವಿರುದ್ಧ ಅವನೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಲಿ. ಠಾಣೆಯಿಂದ ಮತ್ತೆ ಕರೆ ಬಂದರೆ ಒಬ್ಬನೇ ಹೋಗದಿರಲಿ, ವಕೀಲರು ಜೊತೆಗಿರಲಿ.