ಮುಂಬೈನ ಹಳೇ ಡಿಸಿ ಲೋಕಲ್ ರೈಲುಗಳನ್ನು ಯಾಕೆ ನಿಲ್ಲಿಸಿದರು?

ಮೇಲಿನ ತಂತಿಯ ಕರೆಂಟೇ ಬದಲಾಯಿತು, ಅದಕ್ಕೆ. 1925ರಲ್ಲಿ ಅಲ್ಲಿ ವಿದ್ಯುತ್ ರೈಲು ಶುರುವಾದಾಗ ತಂತಿಯಲ್ಲಿದ್ದದ್ದು 1,500 ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ವೋಲ್ಟೇಜ್ ಕಮ್ಮಿ ಇದ್ದರೆ ಅದೇ ಗಾಡಿ ಎಳೆಯಲು ಜಾಸ್ತಿ ಆಂಪಿಯರ್, ಅಂದರೆ ಜಾಸ್ತಿ ಕರೆಂಟ್ ಹರಿಯಬೇಕು. ಆಗ ತಂತಿ ಬಿಸಿಯಾಗಿ ಕರೆಂಟ್ ಸುಮ್ನೆ ಪೋಲಾಗುತ್ತದೆ. ದಪ್ಪ ತಾಮ್ರದ ತಂತಿ ಎಳೆಯಬೇಕು, ಹತ್ತಿರ ಹತ್ತಿರ ಸಬ್‌ಸ್ಟೇಷನ್ ಕಟ್ಟಬೇಕು. ಜನ ಕಿಕ್ಕಿರಿದ ಉದ್ದನೆಯ ಲೋಕಲ್‌ಗಳಿಗೆ ಇದು ಸಾಲದಾಯಿತು.

ಅದರ ಬದಲು ಬಂದ 25,000 ವೋಲ್ಟ್ ಎಸಿಯಲ್ಲಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟಿನಲ್ಲಿ, ಈ ತಾಪತ್ರಯ ಬಹಳ ಕಮ್ಮಿ. ನಮ್ಮ ಕಾರವಾರ ಸ್ಟೇಷನ್ನಿನಲ್ಲಿ ತಲೆ ಮೇಲೆ ಕಾಣುವುದೂ ಅದೇ ಅಲ್ವಾ. ಆದರೆ ಅಷ್ಟು ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಳೇ ಡಿಸಿ ಗಾಡಿಗಳಲ್ಲಿರಲಿಲ್ಲ. ತಂತಿ ಬದಲಾಗುವ ವರ್ಷಗಳಲ್ಲಿ ಎರಡೂ ಕರೆಂಟಿಗೆ ಹೊಂದುವ ಗಾಡಿಗಳು ಓಡಿದವು. ಬಹಳ ಜಾಣ ಏರ್ಪಾಡು ಅದು. ಕೊನೆಯ ಡಿಸಿ ಲೋಕಲ್ ಹಾರ್ಬರ್ ಲೈನಿನಲ್ಲಿ 2016ರ ಏಪ್ರಿಲ್‌ನಲ್ಲಿ ಓಡಿತು.