ಮೊಬೈಲ್ ಸಾಲ ತೀರಿದ ಮೇಲೂ ಸಿಬಿಲ್‌ನಲ್ಲಿ ಬಾಕಿ ಯಾಕೆ?

ಶಿಡ್ಲಘಟ್ಟದ ರೇಷ್ಮೆ ರೀಲರ್ ಒಬ್ಬರು ಬರೆದ ಪತ್ರದ ಸಾರ: "ನೂಲು ಬಿಚ್ಚಾಣಿಕೆಗೆ ಹೊಸ ಮಷೀನ್ ಹಾಕಿಸೋಣ ಅಂತ ಬ್ಯಾಂಕಿಗೆ ಹೋದೆ. ನಿಮ್ಮ ಸಿಬಿಲ್ ಸರಿ ಇಲ್ಲ ಅಂದರು. ಕಂತಿನಲ್ಲಿ ತಗೊಂಡ ಮೊಬೈಲ್ ಸಾಲ ತೀರಿಸಿ ಎರಡು ವರ್ಷ ಆಯ್ತು. ಅದು ಇನ್ನೂ ಬಾಕಿ ಅಂತಿದೆಯಂತೆ. ಇದನ್ನು ನಾವೇ ಆಗಾಗ ನೋಡ್ಕೋಬೇಕಾ? ನೋಡಿದರೆ ಸ್ಕೋರ್ ಇಳಿಯುತ್ತೆ ಅಂತಾರೆ. ಐದು ಸಾವಿರ ಕೊಟ್ಟರೆ ಸರಿ ಮಾಡಿಸ್ತೀನಿ ಅಂತ ಏಜೆಂಟ್ ಒಬ್ಬ ಹಿಂದೆ ಬಿದ್ದಿದ್ದಾನೆ."

ಸಂಪಾದಕರ ಉತ್ತರ:

ಮೊದಲು, ಆ ಏಜೆಂಟಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪ್ಯಾನ್, ಆಧಾರ್ ನಕಲು ಕೂಡ ಬೇಡ. ಸಿಬಿಲ್ ವರದಿ ಅಂದರೆ ನೀವು ತಗೊಂಡ ಸಾಲ, ಕಟ್ಟಿದ ಕಂತುಗಳ ದಾಖಲೆ; ಸ್ಕೋರ್ ಅಂದರೆ ಅದನ್ನು ನೋಡಿ ಕೊಡೋ ಅಂಕ. ಆ ವರದಿಯಲ್ಲಿರೋದನ್ನು ಬದಲಿಸಬೇಕಾದರೆ ಸಾಲ ಕೊಟ್ಟ ಸಂಸ್ಥೆಯೇ ಒಪ್ಪಬೇಕು. ಅದನ್ನು ಕೇಳೋ ಹಕ್ಕು ನಿಮಗೇ ಇದೆ, ಅದೂ ಪುಕ್ಕಟೆಯಾಗಿ.

ನಮ್ಮ ವರದಿಯನ್ನು ನಾವು ನೋಡಿಕೊಂಡರೆ ಸ್ಕೋರ್ ಇಳಿಯೋದಿಲ್ಲ. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು ತೆಗೆದು ನೋಡ್ತಾರಲ್ಲ, ಆ ವಿಚಾರಣೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಈ ತಪ್ಪು ನಂಬಿಕೆಯಿಂದಲೇ ಎಷ್ಟೋ ಜನ ಸಾಲ ಬೇಕಾಗುವ ದಿನದವರೆಗೂ ವರದಿ ತೆರೆದೇ ನೋಡಿರೋದಿಲ್ಲ. ಆಗ ತಪ್ಪು ಕಂಡರೂ ತಿದ್ದಿಸೋಕೆ ಸಮಯ ಇರೋದಿಲ್ಲ. ನಿಮಗೆ ಆಗಿರೋದೂ ಅದೇ.

ನಾವೆಲ್ಲ ಸಿಬಿಲ್ ಅಂತೀವಿ, ಆದರೆ ಇಂಥ ವರದಿ ಕೊಡೋ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ರಿಸರ್ವ್ ಬ್ಯಾಂಕಿನ ನಿಯಮದಂತೆ 2017ರಿಂದ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಮೂರು ತಿಂಗಳಿಗೆ ಒಂದು ಕಂಪನಿಯದ್ದು ಅಂತ ತೆಗೆಸಿದರೆ ವರ್ಷವಿಡೀ ಕಣ್ಣಿಟ್ಟ ಹಾಗಾಯಿತು.

ವರದಿ ಕೈಗೆ ಬಂದಾಗ 300ರಿಂದ 900ರೊಳಗಿನ ಆ ಸ್ಕೋರ್ ಒಂದನ್ನೇ ನೋಡಿ ಮುಚ್ಚಿಡಬೇಡಿ. ಕೆಳಗೆ ಒಂದೊಂದು ಸಾಲಕ್ಕೂ ತಿಂಗಳ ಚೌಕಗಳಿರುತ್ತವೆ. ಸಿಬಿಲ್ ವರದಿಯ ಚೌಕದಲ್ಲಿ 000 ಅಂತಿದ್ದರೆ ಕಂತು ಸರಿಯಾಗಿ ಕಟ್ಟಿದ್ದೀರಿ. 030 ಅಂತಿದ್ದರೆ ಮೂವತ್ತು ದಿನ ತಡ. ಸಾಲ ತೀರಿದ್ದರೆ 'ಕ್ಲೋಸ್ಡ್' ಅಂತ ಇರಬೇಕು. 'ಸೆಟಲ್ಡ್' ಅಂತಿದ್ದರೆ ಪೂರ್ತಿ ಕಟ್ಟದೆ ಒಂದಿಷ್ಟಕ್ಕೆ ರಾಜಿಯಾದಿರಿ ಅಂತ ಅರ್ಥ, ಬ್ಯಾಂಕಿನವರು ಅದನ್ನು ಒಳ್ಳೆಯದಾಗಿ ನೋಡೋದಿಲ್ಲ. ನೀವು ಜಾಮೀನು ಹಾಕಿದ ಸಾಲಗಳೂ ಅಲ್ಲೇ ಕಾಣುತ್ತವೆ. ಭಾವಮೈದುನನ ಟ್ರ್ಯಾಕ್ಟರ್ ಸಾಲಕ್ಕೆ ಸಹಿ ಹಾಕಿ ಮರೆತಿದ್ದರೆ, ಅವರು ತಪ್ಪಿಸಿದ ಕಂತು ನಿಮಗೂ ತೊಡಕಾಗುತ್ತದೆ. ನೀವು ತಗೊಂಡೇ ಇಲ್ಲದ ಸಾಲ ಕಂಡರೆ ಸುಮ್ನೆ ಬಿಡಬೇಡಿ. ನಿಮ್ಮ ಪ್ಯಾನ್ ಬಳಸಿ ಬೇರೆ ಯಾರೋ ತೆಗೆದಿರಬಹುದು.

ಮನೆಯವರು ಸಂಘದಲ್ಲಿ ಸಾಲ ತಗೊಂಡಿದ್ದಾರಾ? ಹಾಗಿದ್ದರೆ ಅವರ ವರದಿಯನ್ನೂ ತೆಗೆಸಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮೈಕ್ರೋಫೈನಾನ್ಸ್ ಸಾಲ ಇಲ್ಲದ ಬೀದಿ ಕಮ್ಮಿ. ಒಬ್ಬರ ಹೆಸರಲ್ಲಿ ಸಾಲ ತೆಗೆದು ಇನ್ನೊಬ್ಬರು ಬಳಸೋದೂ ಉಂಟು. ದುಡ್ಡು ಯಾರ ಕೈಗೆ ಹೋದರೂ ವರದಿಯಲ್ಲಿ ಕೂರೋದು ಸಹಿ ಹಾಕಿದ ಹೆಣ್ಣುಮಗಳ ಹೆಸರು. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಈಗ ನಿಮ್ಮ ಮೊಬೈಲ್ ಸಾಲಕ್ಕೆ ಬರೋಣ. ಸಾಲ ಕೊಟ್ಟ ಸಂಸ್ಥೆಯಿಂದ ಖಾತೆಯ ಸ್ಟೇಟ್‌ಮೆಂಟ್ ಕೇಳಿ. ಕೊನೇ ಕಂತು ಬೌನ್ಸ್ ಆಗಿ, ಅದರ ಶುಲ್ಕ ನಿಮಗೆ ಗೊತ್ತಿಲ್ಲದೆ ಉಳಿದಿರಲೂಬಹುದು. ಹಾಗಿದ್ದರೆ ಪೂರ್ತಿ ಕಟ್ಟಿ, ಬಾಕಿ ಇಲ್ಲ ಅನ್ನೋ ಎನ್‌ಒಸಿ ಪತ್ರ ತಗೊಳ್ಳಿ, ರಾಜಿಗೆ ಒಪ್ಪಬೇಡಿ. ಬಾಕಿಯೇ ಇಲ್ಲದಿದ್ದರೆ ರಸೀದಿಗಳ ಸಮೇತ ಆ ಸಂಸ್ಥೆಗೂ ಸಿಬಿಲ್‌ಗೂ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. 30 ದಿನದಲ್ಲಿ ಬಗೆಹರಿಸಬೇಕು. ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು. 2024ರ ಏಪ್ರಿಲ್‌ನಿಂದ ಈ ನಿಯಮ ಜಾರಿಯಲ್ಲಿದೆ. ಅದಕ್ಕೂ ಜಗ್ಗದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ಗ್ರಾಹಕರ ದೂರು ವಿಚಾರಿಸೋ ಓಂಬುಡ್ಸ್‌ಮನ್‌ಗೆ ದೂರು ಹೋಗಲಿ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ತಿದ್ದುಪಡಿ ಆಗೋವರೆಗೆ ಆ ಬ್ಯಾಂಕು, ಈ ಬ್ಯಾಂಕು ಅಂತ ಅರ್ಜಿ ಹಾಕುತ್ತಾ ಹೋಗಬೇಡಿ, ಒಂದೊಂದು ಅರ್ಜಿಯೂ ವರದಿಯಲ್ಲಿ ದಾಖಲಾಗುತ್ತದೆ. ಖಾತೆ 'ಕ್ಲೋಸ್ಡ್' ಅಂತ ಆದ ಮೇಲೆ ಹೊಸ ವರದಿ ತೆಗೆಸಿ, ಎನ್‌ಒಸಿ ಇದ್ದರೆ ಅದನ್ನೂ ಜೊತೆಗಿಟ್ಟು, ಅದೇ ಮ್ಯಾನೇಜರ್ ಹತ್ತಿರ ಹೋಗಿ ಮಾತಾಡಿ. ಏನಾಯಿತು ಅಂತ ನಮಗೂ ಬರೆಯಿರಿ.